ನಾಹೂಮ್ ಗ್ಲಾಟ್ಸರ್: ಬದುಕು, ವಿದ್ವತ್ತು ಮತ್ತು ನಮ್ಮ ಪ್ರಬೋಧನೆ

ಕನ್ನಡ ಬೈಬಲಿನ ಇತಿಹಾಸವನ್ನು ಬರೆಯುವವರು ಬಳ್ಳಾರಿಯನ್ನು ಬಿಟ್ಟು ಬರೆಯಲಾರರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ಊರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ತೊಡಗಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಮೋಶೆಯ ಧರ್ಮಶಾಸ್ತ್ರವೂ ಪ್ರವಾದಿಗಳ ವಾಣಿಯೂ ಹೀಗೆ ನಮ್ಮ ನುಡಿಗೆ ಇಳಿದವು. ಆದರೆ ಆ ಗ್ರಂಥವನ್ನು ಮೊದಲು ಪಡೆದ, ಇಂದಿಗೂ ಅದನ್ನು ಓದಿ ಬಾಳುತ್ತಿರುವ ಜನಾಂಗ ಅದನ್ನು ಹೇಗೆ ಅರ್ಥೈಸಿಕೊಂಡಿದೆ ಎಂಬ ಅರಿವು ಗ್ರಂಥದ ಜೊತೆಗೇ ಬರಲಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಭಕ್ತರಲ್ಲಿ ಹೆಚ್ಚಿನವರು ಯೆಹೂದ್ಯರನ್ನು ಕಣ್ಣಾರೆ ಕಂಡವರಲ್ಲ. ಆ ಜನರ ವಿಷಯದಲ್ಲಿ ಅವರಿಗಿರುವ ಕಲ್ಪನೆ ಬಹುಪಾಲು ನಮ್ಮ ಪ್ರಬೋಧನೆಯಿಂದಲೇ ಮೂಡಿದ್ದು. ಆದ್ದರಿಂದ ಅದರ ಹೊಣೆಯೂ ನಮ್ಮದೇ. ಈ ಹೊಣೆಯನ್ನು ಮನಗಾಣಲು ನೆರವಾಗುವ ಒಬ್ಬ ವಿದ್ವಾಂಸರ ಜೀವನವನ್ನು ಇಲ್ಲಿ ಪರಿಶೀಲಿಸುತ್ತೇವೆ. ಅವರು ಆಧುನಿಕ ಯೆಹೂದ್ಯ ಚಿಂತನೆಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖರಾದ ನಾಹೂಮ್ ಗ್ಲಾಟ್ಸರ್.

ಗ್ಲಾಟ್ಸರ್ ಹುಟ್ಟಿದ್ದು 1903ರಲ್ಲಿ, ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಲೆಂಬರ್ಗ್ ನಗರದಲ್ಲಿ. ಅದು ಇಂದಿನ ಉಕ್ರೇನಿನ ಲ್ವಿವ್. ಮೊದಲನೆಯ ಮಹಾಯುದ್ಧದ ತರುವಾಯ, ಸಂಪ್ರದಾಯಬದ್ಧ ಯೆಹೂದ್ಯ ವಿದ್ಯಾಭ್ಯಾಸಕ್ಕಾಗಿ ಅವರು ಜರ್ಮನಿಯ ಫ್ರಾಂಕ್‌ಫರ್ಟಿಗೆ ಬಂದರು. ಅಲ್ಲಿ ರಬ್ಬಿ ನೆಹೆಮಿಯ ನೋಬೆಲ್ ಅವರ ಬಳಗದ ಸಂಪರ್ಕ ದೊರೆಯಿತು. ಅದೇ ವಲಯದಲ್ಲಿ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ ಫ್ರಾನ್ಸ್ ರೋಸೆನ್‌ಸ್ವೈಗ್ ಅವರ ಪರಿಚಯವೂ ಆಯಿತು.

ರೋಸೆನ್‌ಸ್ವೈಗ್ 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ‘ಲೇರ್‌ಹೌಸ್’ ಎಂಬ ಮುಕ್ತ ವಿದ್ಯಾಲಯವನ್ನು ಆರಂಭಿಸಿದ್ದರು. ತಮ್ಮ ಧರ್ಮದ ಮೂಲಗ್ರಂಥಗಳಿಂದ ದೂರ ಸರಿದಿದ್ದ ವೈದ್ಯರು, ವಕೀಲರು, ವ್ಯಾಪಾರಿಗಳು ಮತ್ತೆ ಹೀಬ್ರೂ ಅಕ್ಷರದಿಂದ ತೊಡಗಿ ಓದಲು ಕುಳಿತ ಶಾಲೆ ಅದು. ಪರಂಪರೆಯೊಳಗೇ ನಿಂತು ಹೊರಕ್ಕೆ ನೋಡುವುದು ಹಿಂದಿನ ಕ್ರಮ. ಹೊರಗೆ ಹೋದವರು ತಮ್ಮ ಪ್ರಶ್ನೆಗಳನ್ನು ಹೊತ್ತುಕೊಂಡೇ ಒಳಕ್ಕೆ ಮರಳುವುದು ರೋಸೆನ್‌ಸ್ವೈಗ್ ತೋರಿಸಿದ ಕ್ರಮ. ಎಳೆಯ ವಯಸ್ಸಿನ ಗ್ಲಾಟ್ಸರ್ ಅಲ್ಲಿ ಕಲಿತರು, ಬೋಧಿಸಿದರು. 1922ರಲ್ಲಿ ರೋಸೆನ್‌ಸ್ವೈಗ್ ಅವರಿಗೆ ಸ್ನಾಯುಗಳು ಒಂದೊಂದಾಗಿ ನಿಶ್ಚೇಷ್ಟಿತವಾಗುವ ರೋಗ ತಗುಲಿತು. ಕೈಯೂ ಮಾತೂ ನಿಂತ ಮೇಲೂ ಅವರು ಮಾರ್ಟಿನ್ ಬೂಬರ್ ಅವರೊಡನೆ 1925ರಿಂದ ಹೀಬ್ರೂ ಬೈಬಲನ್ನು ಜರ್ಮನ್ ಭಾಷೆಗೆ ಅನುವಾದಿಸುವ ಕೆಲಸದಲ್ಲಿ ತೊಡಗಿದ್ದರು. 1929ರ ಡಿಸೆಂಬರಿನಲ್ಲಿ ಅವರು ತೀರಿಕೊಳ್ಳುವವರೆಗೂ ಗ್ಲಾಟ್ಸರ್ ಆ ಮನೆಯ ಆಪ್ತರಲ್ಲಿ ಒಬ್ಬರಾಗಿದ್ದರು.

ಗ್ಲಾಟ್ಸರ್ 1932ರಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಯೆಹೂದ್ಯ ಧರ್ಮದ ಇತಿಹಾಸ ಹಾಗೂ ನೀತಿಶಾಸ್ತ್ರದ ಉಪನ್ಯಾಸಕರಾದರು. ಮರುವರ್ಷವೇ ನಾಜಿಗಳು ಅಧಿಕಾರಕ್ಕೆ ಬಂದು ಆ ಹುದ್ದೆ ಇಲ್ಲವಾಯಿತು. ಕ್ರಿಸ್ತಶಕದ ಮೊದಲ ಶತಮಾನಗಳ ರಬ್ಬಿಗಳು ಇತಿಹಾಸವನ್ನು ಹೇಗೆ ಕಂಡರು ಎಂಬುದನ್ನು ಕುರಿತ ಅವರ ಅಧ್ಯಯನಗ್ರಂಥ ಪ್ರಕಟವಾದದ್ದೂ 1933ರಲ್ಲೇ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ಮಹಾದೇವಾಲಯವನ್ನು ಕಳೆದುಕೊಂಡ ಜನ ದೇವರ ಮೇಲಿನ ಭರವಸೆಯನ್ನು ಹೇಗೆ ಉಳಿಸಿಕೊಂಡರು ಎಂದು ಬರೆದ ಲೇಖಕ, ಸ್ವತಃ ನೆಲೆ ಕಳೆದುಕೊಂಡು ಪ್ಯಾಲೆಸ್ಟೀನಿಗೆ ಹೊರಟರು. ಹೈಫಾದಲ್ಲಿ ಶಾಲಾ ಶಿಕ್ಷಕರಾಗಿ ದುಡಿದು, 1938ರಲ್ಲಿ ಅಮೆರಿಕಕ್ಕೆ ತೆರಳಿ ಶಿಕಾಗೋ, ಬೋಸ್ಟನ್, ನ್ಯೂಯಾರ್ಕ್ ನಗರಗಳಲ್ಲಿ ಬೋಧನೆ ಮತ್ತು ಸಂಪಾದನೆಯ ಕಾರ್ಯ ನಡೆಸಿದರು. 1950ರಲ್ಲಿ, ಸ್ಥಾಪನೆಯಾಗಿ ಎರಡೇ ವರ್ಷವಾಗಿದ್ದ ಬ್ರಾಂಡೈಸ್ ವಿಶ್ವವಿದ್ಯಾಲಯವನ್ನು ಸೇರಿ 1973ರವರೆಗೆ ಅಲ್ಲಿ ಅಧ್ಯಾಪಕರಾಗಿದ್ದರು; ಬಳಿಕ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿಯೂ ಬೋಧಿಸಿದರು. 1975ರಲ್ಲಿ ಅವರ ಶಿಷ್ಯರು ಅವರಿಗೆ ಗೌರವಗ್ರಂಥವೊಂದನ್ನು ಅರ್ಪಿಸಿದರು. ಅದರ ಸಂಪಾದಕರಾದ ಮೈಕೆಲ್ ಫಿಷ್‌ಬೇನ್ ಮತ್ತು ಪೌಲ್ ಮೆಂಡೆಸ್-ಫ್ಲೋರ್ ಮುಂದಿನ ಪೀಳಿಗೆಯ ಹೆಸರಾಂತ ವಿದ್ವಾಂಸರಾದರು. 1990ರಲ್ಲಿ ಗ್ಲಾಟ್ಸರ್ ನಿಧನರಾದರು.

ಅವರ ಕೃತಿಗಳ ಸ್ವರೂಪ ಗಮನಾರ್ಹವಾದುದು. ಸ್ವಂತ ತತ್ತ್ವವ್ಯವಸ್ಥೆಯೊಂದನ್ನು ಅವರು ಕಟ್ಟಲಿಲ್ಲ. ಬೈಬಲಿನ ನಂತರದ ಯೆಹೂದ್ಯ ಬರಹ, ರಬ್ಬಿಗಳ ವಚನ, ಪ್ರಾರ್ಥನೆ ಮತ್ತು ಕಥೆಗಳನ್ನು ಆಯ್ದು, ಜೋಡಿಸಿ, ಮಿತವಾದ ಪೀಠಿಕೆಯೊಡನೆ ಓದುಗರ ಕೈಗಿತ್ತರು. ಷಾಕೆನ್ ಪ್ರಕಾಶನದ ಮೂಲಕ ಇಂತಹ ಹಲವಾರು ಸಂಕಲನಗಳು ಹೊರಬಂದವು. ಯೋಬನ ಗ್ರಂಥವನ್ನು ಕುರಿತು 1969ರಲ್ಲಿ ಅವರು ಸಂಪಾದಿಸಿದ ಸಂಪುಟದಲ್ಲಿ ಯೆಹೂದ್ಯ ವ್ಯಾಖ್ಯಾನಗಳ ಪಕ್ಕದಲ್ಲಿಯೇ ಕ್ರೈಸ್ತ ವ್ಯಾಖ್ಯಾನಗಳಿಗೂ ಸ್ಥಾನವಿದೆ. ಕನ್ನಡಿಗರಿಗೆ ಈ ಬಗೆಯ ಸೇವೆ ಅಪರಿಚಿತವಲ್ಲ. ಚದುರಿಹೋಗಿದ್ದ ತಾಳೆಗರಿಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರನ್ನು ನೆನೆದರೆ ಸಾಕು. ಕುರುಗೋಡಿನಂತಹ ಬಸವಭಕ್ತಿಯ ಊರಿನಲ್ಲಿ ಸೇವೆಮಾಡುವ ಗುರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶರಣರನ್ನು ಅರಿಯಬೇಕಾದರೆ ಶರಣರ ಮಾತನ್ನೇ ಓದಬೇಕು. ಅವರನ್ನು ಖಂಡಿಸಿದವರ ಬರಹದಿಂದ ಅವರನ್ನು ಅಳೆಯುವುದು ನ್ಯಾಯವಲ್ಲ. ಯೆಹೂದ್ಯರ ವಿಷಯದಲ್ಲಿ ಈ ನ್ಯಾಯವನ್ನು ಕ್ರೈಸ್ತಲೋಕ ಶತಮಾನಗಳ ಕಾಲ ಪಾಲಿಸಲಿಲ್ಲ.

ಗ್ಲಾಟ್ಸರ್ ಅವರ ಕೃತಿಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು 1953ರಲ್ಲಿ ಪ್ರಕಟವಾದ ರೋಸೆನ್‌ಸ್ವೈಗ್ ಜೀವನ ಮತ್ತು ಚಿಂತನೆಯ ಗ್ರಂಥ. ಇದರಲ್ಲಿನ ಒಂದು ಪ್ರಸಂಗ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಮುಖ್ಯವಾಗಿದೆ. 1913ರ ಜುಲೈ 7ರ ರಾತ್ರಿ ಲೈಪ್ಸಿಗ್ ನಗರದಲ್ಲಿ, ಯೆಹೂದ್ಯ ಮೂಲದವರೇ ಆಗಿ ಕ್ರೈಸ್ತರಾಗಿದ್ದ ಯೂಗೆನ್ ರೋಸೆನ್‌ಸ್ಟಾಕ್ ಅವರೊಡನೆ ನಡೆದ ಸಂವಾದದ ಫಲವಾಗಿ ರೋಸೆನ್‌ಸ್ವೈಗ್ ದೀಕ್ಷಾಸ್ನಾನ ಪಡೆಯಲು ನಿರ್ಧರಿಸಿದರು. ಆದರೆ ಅದೇ ವರ್ಷದ ಅಕ್ಟೋಬರ್ 31ರಂದು ತಮ್ಮ ಬಂಧು ರುಡಾಲ್ಫ್ ಎಹ್ರೆನ್‌ಬರ್ಗ್ ಅವರಿಗೆ ಬರೆದ ಪತ್ರದಲ್ಲಿ ಆ ನಿರ್ಧಾರವನ್ನು ಕೈಬಿಟ್ಟು, ಯೆಹೂದ್ಯನಾಗಿಯೇ ಉಳಿಯುವೆನೆಂದು ತಿಳಿಸಿದರು. ಪುತ್ರನ ಮೂಲಕವೇ ಪಿತನ ಬಳಿಗೆ ಬರಬೇಕೆಂಬ ಮಾತನ್ನು ಅವರು ಅಲ್ಲಗಳೆಯಲಿಲ್ಲ. ಆಗಲೇ ಪಿತನ ಬಳಿ ಇರುವ ಇಸ್ರಯೇಲಿನ ಸ್ಥಿತಿ ಬೇರೆ ಎಂದು ವಾದಿಸಿದರು. ಈ ವಾದವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಆದರೂ ಸಂತ ಪೌಲರು ರೋಮನರಿಗೆ ಬರೆದ ಪತ್ರದ 9ರಿಂದ 11ನೆಯ ಅಧ್ಯಾಯಗಳನ್ನು ಓದುವಾಗ ಇದನ್ನು ಕೇಳಿಸಿಕೊಳ್ಳದೆ ಮುಂದೆ ಸಾಗುವುದು ಉಚಿತವಲ್ಲ.

ಆ ಎರಡು ದಿನಾಂಕಗಳ ನಡುವೆ ನಡೆದುದೇನು? ಯೆಹೂದ್ಯರ ಪ್ರಾಯಶ್ಚಿತ್ತ ದಿನದಂದು ಬರ್ಲಿನಿನ ಒಂದು ಚಿಕ್ಕ ಪ್ರಾರ್ಥನಾಮಂದಿರದ ಆರಾಧನೆಯಲ್ಲಿ ರೋಸೆನ್‌ಸ್ವೈಗ್ ಅವರ ಮನಸ್ಸು ತಿರುಗಿತು ಎಂಬುದು ಗ್ಲಾಟ್ಸರ್ ಕೊಟ್ಟ ನಿರೂಪಣೆ. ಅದು ಜಗತ್ಪ್ರಸಿದ್ಧವಾಯಿತು. ಆದರೆ ಇತಿಹಾಸಕಾರರು ಇದಕ್ಕೆ ರೋಸೆನ್‌ಸ್ವೈಗ್ ಅವರ ಸ್ವಂತ ಬರಹದಲ್ಲಿ ನೇರವಾದ ಆಧಾರವನ್ನು ಕಾಣಲಿಲ್ಲ. 2014ರಲ್ಲಿ ಬೆಂಜಮಿನ್ ಪೊಲಾಕ್ ಎಂಬ ವಿದ್ವಾಂಸರು ಈ ನಿರೂಪಣೆಯನ್ನು ಪ್ರಶ್ನಿಸಿದರು. ಪೊಲಾಕ್ ಅವರ ಪ್ರಕಾರ 1913ರ ಬಿಕ್ಕಟ್ಟು ಶ್ರದ್ಧೆ ಮತ್ತು ವಿಚಾರಗಳ ನಡುವಿನದಲ್ಲ. ಆತ್ಮದ ರಕ್ಷಣೆಗಾಗಿ ಈ ಲೋಕವನ್ನೇ ತಿರಸ್ಕರಿಸಬೇಕೆ ಎಂಬುದು ಅದರ ತಿರುಳು. ಹಾಗೆ ತಿರಸ್ಕರಿಸುವ ಪ್ರವೃತ್ತಿಗೆ ಸಭಾ ಇತಿಹಾಸದಲ್ಲಿ ಮಾರ್ಸಿಯನ್ ಎಂಬಾತನ ಹೆಸರು ಅಂಟಿಕೊಂಡಿದೆ. ಪ್ರೀತಿಯ ಶಿಷ್ಯನ ಸಾಕ್ಷ್ಯವಾದರೂ ಮೂಲದಾಖಲೆಯೊಡನೆ ಇಟ್ಟು ನೋಡಬೇಕೆಂಬ ಪಾಠ ಇಲ್ಲಿದೆ. ಇದರಿಂದ ಗ್ಲಾಟ್ಸರ್ ಅವರ ಹಿರಿಮೆ ಕುಂದುವುದಿಲ್ಲ. ರೋಸೆನ್‌ಸ್ವೈಗ್ ಅವರ ಬರಹವನ್ನು ಓದುಗರ ಮುಂದಿಟ್ಟು ಇಂತಹ ಚರ್ಚೆಗೆ ದಾರಿ ಮಾಡಿಕೊಟ್ಟವರಲ್ಲಿ ಅವರೇ ಮೊದಲಿಗರು.

ಮಾರ್ಸಿಯನ್ ಎರಡನೆಯ ಶತಮಾನದವನು. ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ಪಿತ ಬೇರೆ ಎಂದು ಬೋಧಿಸಿದ ಅವನನ್ನು ರೋಮಿನ ಸಭೆ ಹೊರಹಾಕಿತು. ಆದರೆ ಆ ಬೋಧನೆಯ ನೆರಳು ನಮ್ಮ ಪೀಠಗಳಿಂದ ಪೂರ್ತಿ ಸರಿದಿದೆಯೇ? ‘ಅಲ್ಲಿ ಕೋಪದ ದೇವರು, ಇಲ್ಲಿ ಕರುಣೆಯ ದೇವರು’ ಎಂಬ ಸುಲಭವಾದ ಹೋಲಿಕೆ, ಕಪಟಿಗೆ ಪರ್ಯಾಯಪದವಾಗಿ ‘ಫರಿಸಾಯ’ ಎಂಬ ಬಳಕೆ, ಶುಭ ಶುಕ್ರವಾರದಂದು ಯೇಸುವಿನ ಮರಣದ ದೋಷವನ್ನು ಇಡೀ ಜನಾಂಗದ ಮೇಲೆ ಹೊರಿಸುವ ಮಾತು ಇವೆಲ್ಲ ಎಷ್ಟೋ ಸಲ ಸಲೀಸಾಗಿ ಬಂದುಬಿಡುತ್ತವೆ. ಗ್ಲಾಟ್ಸರ್ 1956ರಲ್ಲಿ ಹಿರಿಯ ಹಿಲ್ಲೆಲ್ ಎಂಬ ಗುರುವನ್ನು ಕುರಿತು ಬರೆದ ಪುಸ್ತಕವನ್ನು ಓದಿದವರು ಹೀಗೆ ಮಾತನಾಡಲು ಹಿಂಜರಿಯುತ್ತಾರೆ. ಯೇಸುವಿಗಿಂತ ತುಸು ಮುಂಚಿನ ತಲೆಮಾರಿನ ಹಿಲ್ಲೆಲ್ ಅವರಲ್ಲಿ ಸಹನೆಯೂ ನೆರೆಯವರ ಮೇಲಿನ ಪ್ರೀತಿಯೂ ಧರ್ಮಶಾಸ್ತ್ರದ ತಿರುಳಾಗಿಯೇ ಕಾಣಿಸಿಕೊಳ್ಳುತ್ತವೆ. ಯೇಸು ಮತ್ತು ಫರಿಸಾಯರ ವಾದಗಳು ಒಂದೇ ಮನೆಯವರ ನಡುವಣ ವಾದಗಳೆಂಬುದು ಆಗ ತಿಳಿಯುತ್ತದೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ‘ನೊಸ್ತ್ರ ಎತಾತೆ’ ಘೋಷಣೆ, ಕ್ರಿಸ್ತರ ಯಾತನೆಯ ದೋಷವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸಾರಿತು. ಪಾಪಲ್ ಬೈಬಲ್ ಆಯೋಗವು 2001ರ ತನ್ನ ದಾಖಲೆಯಲ್ಲಿ, ಹೀಬ್ರೂ ಗ್ರಂಥಗಳ ಯೆಹೂದ್ಯ ವಾಚನವೂ ಸಾಧ್ಯವಾದ ಒಂದು ವಾಚನವೆಂದು ಒಪ್ಪಿಕೊಂಡು, ಅದರಿಂದ ಕ್ರೈಸ್ತರು ಬಹಳಷ್ಟನ್ನು ಕಲಿಯಬಹುದೆಂದು ಹೇಳಿತು. ಗುರುಮಠದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಈ ದಾಖಲೆಗಳನ್ನು ಓದುತ್ತಾರೆ. ಅವು ಧರ್ಮಕೇಂದ್ರದ ಬಲಿಪೂಜೆಯವರೆಗೂ ಬರಬೇಕು.

ಇದಕ್ಕೆ ದೊಡ್ಡ ಗ್ರಂಥಾಲಯವೇ ಬೇಕೆಂದಿಲ್ಲ. ಭಾನುವಾರದ ಮೊದಲ ವಾಚನವನ್ನು ಶುಭಸಂದೇಶದ ಮುನ್ನುಡಿಯಾಗಿ ಮಾತ್ರ ಬಳಸದೆ, ಅದರದೇ ಮಾತನ್ನು ಮೊದಲು ಕೇಳಿ ಅನಂತರ ಕ್ರಿಸ್ತರ ಬೆಳಕಿನಲ್ಲಿ ಧ್ಯಾನಿಸಬಹುದು. ಪಾಸ್ಖ ಜಾಗರಣೆಯಲ್ಲಿ ಕೆಂಪು ಸಮುದ್ರ ದಾಟಿದ ವೃತ್ತಾಂತವನ್ನು ಓದುವಾಗ, ಅದೇ ವೃತ್ತಾಂತವನ್ನು ಯೆಹೂದ್ಯ ಕುಟುಂಬಗಳು ಇಂದಿಗೂ ತಮ್ಮ ಪಾಸ್ಖದ ಊಟದಲ್ಲಿ ಮಕ್ಕಳಿಗೆ ಹೇಳುತ್ತವೆ ಎಂದು ತಿಳಿಸಬಹುದು. ಆ ಊಟದ ವಿಧಿಗ್ರಂಥಕ್ಕೆ ಗ್ಲಾಟ್ಸರ್ ಅವರೇ ಪೀಠಿಕೆ ಬರೆದು 1953ರಲ್ಲಿ ಪ್ರಕಟಿಸಿದ್ದಾರೆ. ಸಿರುಗುಪ್ಪದ ಒಬ್ಬ ತಾಯಿಗೆ ಈ ಒಂದು ಸಂಗತಿ ತಿಳಿದರೂ, ಯೇಸುವಿನ ತಾಯಿ ಮರಿಯಮ್ಮನವರ ಜನ ಇಂದಿಗೂ ಬದುಕಿ ಪ್ರಾರ್ಥಿಸುತ್ತಿರುವವರು ಎಂಬುದು ಆಕೆಗೆ ಮನವರಿಕೆಯಾಗುತ್ತದೆ. ಅದನ್ನು ತಿಳಿಸುವ ಕರ್ತವ್ಯ ಪ್ರಬೋಧನೆಗೆ ನಿಲ್ಲುವ ನಮ್ಮೆಲ್ಲರದು.