ಡಿಜಿಟಲ್ ಛಾಯಾಚಿತ್ರ, ಪೊಲೀಸು ತನಿಖೆಯ ಸಾಕ್ಷ್ಯವಾಗಿ (ಬೆಂಗಳೂರು)

ಅಪರಾಧ ನಡೆದ ಸ್ಥಳವನ್ನಾಗಲಿ, ಅದರಲ್ಲಿ ತೊಡಗಿದ ವ್ಯಕ್ತಿಯನ್ನಾಗಲಿ ಫಿಲಂ ಸುರುಳಿಯ ನೆರವಿಲ್ಲದೆ ಅಂಕರೂಪದಲ್ಲಿ ಸೆರೆಹಿಡಿದ ಸ್ಥಿರಚಿತ್ರ ಅಥವಾ ಚಲಚ್ಚಿತ್ರವು ನ್ಯಾಯಾಲಯದಲ್ಲಿ ಸಾಕ್ಷ್ಯವೆನಿಸಿಕೊಂಡ ಕ್ರಮವನ್ನು ಈ ಲೇಖನವು ಬೆಂಗಳೂರಿನ ನಿದರ್ಶನಗಳ ಮೂಲಕ, ಅದರಲ್ಲಿಯೂ ವೈಟ್‌ಫೀಲ್ಡ್ ಸೀಮೆಯ ಒಂದು ಪ್ರಕರಣವನ್ನು ಮುಂದಿರಿಸಿಕೊಂಡು ನಿರೂಪಿಸುತ್ತದೆ. ಈ ವಿಷಯವನ್ನು ಕುರಿತ ಪ್ರಚಲಿತ ಬರಹಗಳಲ್ಲಿ ಕ್ಯಾಮೆರಾಗಳ ಸಂಖ್ಯೆ ಬೆಳೆದ ವೃತ್ತಾಂತವನ್ನೇ ಸಾಕ್ಷ್ಯದ ಚರಿತ್ರೆಯೆಂದು ಭಾವಿಸುವ ಗೊಂದಲವುಂಟು. ಬಿಂಬವನ್ನು ಹಿಡಿಯುವುದು ಸುಲಭವಾದಷ್ಟೂ ಆ ಬಿಂಬಕ್ಕೆ ಹೊಣೆಯಾಗಿ ಕಟಕಟೆಯಲ್ಲಿ ನಿಲ್ಲುವವರಾರೆಂಬ ಪ್ರಶ್ನೆ ಕಠಿನವಾಗುತ್ತ ಬಂದುದೇ ಇದರ ನಿಜವಾದ ಚರಿತ್ರೆ.

ಫಿಲಂ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿದ್ದಿತು. ಮಹಜರಿನ ವೇಳೆಗೆ ಪೊಲೀಸರು ಊರಿನ ಸ್ಟುಡಿಯೋದವನನ್ನು ಕರೆಸುತ್ತಿದ್ದರು. ಅವನು ತೆಗೆದ ಚಿತ್ರಗಳೊಡನೆ ನೆಗೆಟಿವ್‌ಗಳನ್ನೂ ಹಾಜರುಪಡಿಸಿ, ಮುಂದೆ ಪಂಚರಂತೆ ತಾನೂ ಸಾಕ್ಷಿ ನುಡಿಯುತ್ತಿದ್ದನು. ಡಿಜಿಟಲ್ ಕ್ಯಾಮೆರಾ ಬಂದೊಡನೆ ನೆಗೆಟಿವ್ ಅಳಿಯಿತು. ಮೂಲ ಯಾವುದು, ಪ್ರತಿ ಯಾವುದು ಎಂಬ ಭೇದವೂ ಮಸುಕಾಯಿತು.

2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯು 1872ರ ಸಾಕ್ಷ್ಯ ಅಧಿನಿಯಮದೊಳಗೆ 65ಬಿ ಪ್ರಕರಣವನ್ನು ಸೇರಿಸಿ, ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವಿರಬೇಕೆಂದು ವಿಧಿಸಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗಾಗಿ ಪ್ರತ್ಯೇಕ ಪೊಲೀಸ್ ಠಾಣೆಯಾಯಿತು. ಪ್ರಮಾಣಪತ್ರವಿಲ್ಲದಿದ್ದರೂ ನಡೆದೀತೆಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. 2014ರಲ್ಲಿ ಅನ್ವರ್ ಎಂಬವರ ಪ್ರಕರಣದಲ್ಲಿ ಆ ನಿಲುವನ್ನು ಅಳಿಸಿತು. 2018ರಲ್ಲಿ ಮತ್ತೆ ಸಡಿಲಿಸಿ, 2020ರ ಜುಲೈ 14ರಂದು ಪುನಃ ಬಿಗಿಗೊಳಿಸಿತು. ಇಪ್ಪತ್ತು ವರ್ಷ ಹೀಗೆ ಓಲಾಡಿದ ವಿಧಿಯನ್ನು ಠಾಣೆಯ ಬರವಣಿಗೆಯವನು ಸರಿಯಾಗಿ ಅನುಸರಿಸಲಿಲ್ಲವೆಂದು ದೂರುವುದು ನ್ಯಾಯವಾಗದು.

ಈ ಓಲಾಟದ ಭಾರ ಬಿದ್ದುದು ಬೆಂಗಳೂರಿನ ಎರಡು ಪ್ರಕರಣಗಳ ಮೇಲೆ. ಇವನ್ನು ಇಲ್ಲಿ ತುಸು ವಿಸ್ತರಿಸಬೇಕಾಗಿದೆ. ಮೊದಲನೆಯದು ಲೋಕಾಯುಕ್ತ ಪೊಲೀಸರದು. ಲಂಚದ ದೂರು ತಂದವನ ಕೈಗೆ ಅವರು ಗುಪ್ತ ಕ್ಯಾಮೆರಾವೊಂದನ್ನು ಕೊಟ್ಟು ಸಂಭಾಷಣೆಯನ್ನು ಚಿತ್ರೀಕರಿಸಿದ್ದರು. ಪ್ರಮಾಣಪತ್ರವಿಲ್ಲವೆಂಬ ವಾದವನ್ನು ಮನ್ನಿಸಿ ಉಚ್ಚ ನ್ಯಾಯಾಲಯವು ಆರೋಪಿಯನ್ನು ಬಿಡುಗಡೆ ಮಾಡಿತಾದರೂ, ಆ ಪತ್ರವು ಬೇಕಾಗುವುದು ವಿಚಾರಣೆಯಲ್ಲಿ ಸಾಕ್ಷ್ಯವನ್ನು ಮಂಡಿಸುವಾಗಲೇ ಹೊರತು ದೋಷಾರೋಪಣ ಪಟ್ಟಿಯ ಹಂತದಲ್ಲಲ್ಲವೆಂದು 2019ರ ಮೇ 1ರಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಎರಡನೆಯದು 2008ರ ಜುಲೈ 25ರ ಸರಣಿ ಸ್ಫೋಟಗಳದು. ಅದರಲ್ಲಿ ವಶಪಡಿಸಿಕೊಂಡ ಲ್ಯಾಪ್‌ಟಾಪು, ಪೆನ್‌ಡ್ರೈವ್ ಮುಂತಾದ ಸಾಮಗ್ರಿಗಳಲ್ಲಿ 2 ಡಿಜಿಟಲ್ ಕ್ಯಾಮೆರಾಗಳೂ ಇದ್ದುವು. ಹೈದರಾಬಾದಿನ ಕೇಂದ್ರ ಪ್ರಯೋಗಾಲಯದ ವರದಿ 2010ರಲ್ಲಿಯೇ ಬಂದಿದ್ದರೂ ಪ್ರಮಾಣಪತ್ರ ಹುಟ್ಟಿದ್ದು 2017ರಲ್ಲಿ. ವಿಳಂಬದ ನೆಪದಿಂದ ಕೆಳಗಿನ ಎರಡು ನ್ಯಾಯಾಲಯಗಳು ಅದನ್ನು ತಿರಸ್ಕರಿಸಿದುವು. ವಿಚಾರಣೆ ಮುಗಿಯುವುದರೊಳಗೆ ಯಾವ ಹಂತದಲ್ಲಾದರೂ ಅದನ್ನು ಹಾಜರುಪಡಿಸಬಹುದೆಂದು 2023ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಪಾಯಿತು. ಪ್ರಸ್ತುತ ವಿಷಯದ ತಿರುವು ಯಾವುದೆಂದು ಕೇಳಿದರೆ, ಯಾವುದೇ ಕ್ಯಾಮೆರಾದ ಆಗಮನಕ್ಕಿಂತ ಈ ತೀರ್ಪನ್ನೇ ಹೆಸರಿಸಬೇಕಾಗುತ್ತದೆ.

ಖಾಸಗಿ ಕ್ಯಾಮೆರಾಗಳ ಪ್ರಸರಣವನ್ನು ಸಂಕ್ಷೇಪವಾಗಿ ಹೇಳಬಹುದು. 2013ರ ನವೆಂಬರ್ 19ರಂದು ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನೊಳಗೆ ಮಹಿಳೆಯೊಬ್ಬರ ಮೇಲೆ ನಡೆದ ಹಲ್ಲೆಯ ದೃಶ್ಯವನ್ನು ದೇಶವೆಲ್ಲ ಕಂಡಿತು. ಮುಖ ಸ್ಪಷ್ಟವಾಗಿದ್ದೂ ಆರೋಪಿ ಸಿಕ್ಕಿದ್ದು 2017ರಲ್ಲಿ. ಅದೇ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯು ಜನ ಗುಂಪುಗೂಡುವ ಸಂಸ್ಥೆಗಳು ಕ್ಯಾಮೆರಾಗಳನ್ನಿರಿಸಿ 30 ದಿನಗಳ ದೃಶ್ಯಗಳನ್ನು ಕಾಪಿಡಬೇಕೆಂದಿತು. ಪೀಣ್ಯದ ಕಾರ್ಖಾನೆಯ ಗೇಟು, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯ ಬಾಗಿಲು ಇವುಗಳ ಕ್ಯಾಮೆರಾ ಕಳ್ಳರ ಕಾವಲಿಗೆಂದು ಇಟ್ಟುದಾದರೂ ಹೀಗೆ ಪೊಲೀಸರ ಆಕರವೂ ಆಯಿತು.

2024ರ ಮಾರ್ಚ್ 1ರ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ ವೈಟ್‌ಫೀಲ್ಡ್ ಸಮೀಪದ ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದಾಗ, ಮೊದಲು ಮಾತಾಡಿದ್ದು ಇಂಥ ಕ್ಯಾಮೆರಾಗಳೇ. ಟೋಪಿ, ಮುಖಗವಸು ಧರಿಸಿದವನೊಬ್ಬ ಇಡ್ಲಿಯ ತಟ್ಟೆ ಹಿಡಿದು ನಡೆದುದು ಹೋಟೆಲಿನ ಕ್ಯಾಮೆರಾದಲ್ಲಿಯೂ, ಅವನ ಪ್ರಯಾಣದ ತುಣುಕು ಬಿಎಂಟಿಸಿ ಬಸ್ಸಿನ ಕ್ಯಾಮೆರಾದಲ್ಲಿಯೂ ದೊರೆಯಿತು. ಪ್ರಕರಣವು ಮಾರ್ಚ್ 3ರಂದು ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. 6ರಂದು ಆ ದಳವು ಚಿತ್ರವನ್ನು ಪ್ರಕಟಿಸಿ 10 ಲಕ್ಷ ರೂಪಾಯಿ ಬಹುಮಾನ ಸಾರಿತು. ಜನರ ನೆನಪಿನಲ್ಲಿ ಮುಖಕ್ಕಿಂತ ಟೋಪಿಯೇ ಹೆಚ್ಚಾಗಿ ಉಳಿಯಿತೆಂದರೂ ಸಲ್ಲುತ್ತದೆ. ಇಬ್ಬರು ಆರೋಪಿಗಳ ಬಂಧನವಾದುದು ಏಪ್ರಿಲ್ 12ರಂದು, ಪಶ್ಚಿಮ ಬಂಗಾಳದಲ್ಲಿ. ಸೆಪ್ಟೆಂಬರ್ 9ರಂದು ನಾಲ್ವರ ಮೇಲೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು.

ಸ್ಫೋಟಕ್ಕೂ ಆ ಪಟ್ಟಿಗೂ ನಡುವೆ ಕಾನೂನೇ ಬದಲಾಗಿದ್ದಿತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಪ್ರಕರಣವು ಶೋಧನೆ ಮತ್ತು ಜಪ್ತಿಗಳ ಚಿತ್ರೀಕರಣವನ್ನು, ಸಾಧ್ಯವಾದಷ್ಟೂ ಮೊಬೈಲ್ ಫೋನಿನಿಂದಲೇ, ಕಡ್ಡಾಯಗೊಳಿಸಿದೆ. ಸ್ಟುಡಿಯೋದವನ ಕೆಲಸ ಈಗ ತನಿಖಾಧಿಕಾರಿಯ ಕೈಗೆ ಬಂದಿದೆ. ಹಳೆಯ 65ಬಿಯ ಸ್ಥಾನದಲ್ಲಿ ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವಿದೆ. ಅದರ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕು. ಮೊದಲ ಭಾಗಕ್ಕೆ ದಾಖಲೆಯನ್ನು ಹಾಜರುಪಡಿಸುವವನೂ ಎರಡನೆಯ ಭಾಗಕ್ಕೆ ತಜ್ಞನೂ ಸಹಿ ಹಾಕಬೇಕು.