ಕೂದಲು ಬಂದರೆ ಬಾಲಿಗ್ ಆದಂತೆಯೇ?

ಕೆಲವು ತಿಂಗಳ ಹಿಂದೆ, ಶಾಲೆ ಬಿಟ್ಟ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಬಾಜಿ, ಮಗಳಿಗೆ ಈಗಷ್ಟೇ ಒಂಬತ್ತು. ಕಂಕುಳಲ್ಲಿ ಕೂದಲು ಬಂದಿದೆ. ದೊಡ್ಡವಳಾದಳು, ಇನ್ನು ಆಟಕ್ಕೆ ಬಿಡಬೇಡ ಅಂತ ಅತ್ತೆ ಹೇಳ್ತಾರೆ. ಏನ್ ಮಾಡ್ಲಿ?"

ನಿಮ್ಮ ಮನೆಯಲ್ಲೂ ಈ ಮಾತು ಬಂದಿರಬಹುದು. ಆದರೆ ನಮ್ಮ ಹಳೆಯ ಫಿಕ್ಹ್ ಗ್ರಂಥಗಳು ಇದನ್ನು ಅತ್ತೆಯಷ್ಟು ಅವಸರದಲ್ಲಿ ತೀರ್ಮಾನಿಸಿಲ್ಲ. ಈಗಿನ ಉಜ್ಬೇಕಿಸ್ತಾನದ ಮರ್ಗಿನಾನ್ ಊರಿನ ಬುರ್ಹಾನುದ್ದೀನ್ ಮರ್ಗಿನಾನಿ ಹನ್ನೆರಡನೇ ಶತಮಾನದಲ್ಲಿ 'ಹಿದಾಯಾ' ಬರೆದರು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಂದ, ಕಂಪನಿಯ ಕೋರ್ಟುಗಳಲ್ಲೂ ಅದು ಬಳಕೆಯಾಯಿತು. ಬಾಲಿಗ್ ಆಗುವುದಕ್ಕೆ ಹನಫಿಗಳು ಒಪ್ಪುವ ಗುರುತುಗಳು ಹುಡುಗನಿಗೆ ಸ್ವಪ್ನಸ್ಖಲನದಂಥವು, ಹುಡುಗಿಗೆ ಮುಟ್ಟು, ಗರ್ಭ ಇಂಥವು. ಕೂದಲು ಆ ಪಟ್ಟಿಯಲ್ಲಿಲ್ಲ. ಯಾವ ಗುರುತೂ ಕಾಣದಿದ್ದರೆ ವಯಸ್ಸು ನೋಡಬೇಕು. ಇಮಾಂ ಅಬೂ ಹನೀಫಾ ಹುಡುಗನಿಗೆ 18, ಹುಡುಗಿಗೆ 17 ಎಂದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇಬ್ಬರಿಗೂ 15 ಎಂದರು, ಫತ್ವಾ ನಡೆಯುವುದು ಇದರ ಮೇಲೆಯೇ. ಅದು ಚಾಂದ್ರ ವರ್ಷದ ಲೆಕ್ಕ, ನಮ್ಮ ಕ್ಯಾಲೆಂಡರಿನಲ್ಲಿ ಸುಮಾರು ಹದಿನಾಲ್ಕೂವರೆ.

ಎಲ್ಲರೂ ಹಾಗೇ ಹೇಳಿದರು ಅಂತಲ್ಲ. ಮಾಲಿಕಿ, ಹಂಬಲಿ ಪಂಡಿತರು ಹೊಕ್ಕುಳ ಕೆಳಗಿನ ಒರಟು ಕೂದಲನ್ನು ಗುರುತೆಂದು ಒಪ್ಪುತ್ತಾರೆ. ಅವರು ಹೇಳಿದ್ದೂ ಒರಟು ಕೂದಲು, ಎಳೆಯ ನವಿರಲ್ಲ. ಕಂಕುಳ ಮಾತಂತೂ ಅಲ್ಲ.

ವೈದ್ಯರು ಇದರ ಕಾರಣ ತಿಳಿದದ್ದು ಬಹಳ ತಡವಾಗಿ. 1940ರ ದಶಕದಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ 'ಅಡ್ರಿನಾರ್ಕಿ' ಎಂಬ ಹೆಸರು ಕೊಟ್ಟರು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ತನ್ನ ಪಾಡಿಗೆ ಹಾರ್ಮೋನು ಬಿಡಲು ಶುರುಮಾಡುತ್ತದೆ. ಹುಡುಗಿಯರಲ್ಲಿ ಈ ಕೂದಲು, ಬೆವರಿನ ವಾಸನೆ ಹೆಚ್ಚಾಗಿ ಅದರ ಕೆಲಸ. ಸ್ತನ, ಮುಟ್ಟು ಅಂಡಾಶಯದ ಕೆಲಸ. ಎರಡು ಗಡಿಯಾರ, ಒಟ್ಟಿಗೇ ಹೊಡೆಯಬೇಕೆಂದಿಲ್ಲ. ಇಂಗ್ಲೆಂಡಿನ ಹಾರ್ಪೆಂಡೆನ್ ಮಕ್ಕಳ ಗೃಹದಲ್ಲಿ ವರ್ಷಗಟ್ಟಲೆ ಮಕ್ಕಳನ್ನು ನೋಡಿದ ಮಾರ್ಷಲ್ ಮತ್ತು ಟ್ಯಾನರ್ 1969ರಲ್ಲಿ 192 ಹುಡುಗಿಯರ, 1970ರಲ್ಲಿ 228 ಹುಡುಗರ ವಿವರ ಪ್ರಕಟಿಸಿದರು. ಅವರೂ ಕೂದಲಿಗೆ ಬೇರೆಯೇ ಹಂತಗಳನ್ನು ಇಟ್ಟರು.

ನಮ್ಮ ಫಕೀಹರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ವಾಟ್ಸಾಪ್‌ನಲ್ಲಿ ಹಾಕಬೇಡಿ ಮತ್ತೆ! ಅವರಿಗೆ ಗ್ರಂಥಿಯ ವಿಷಯ ಗೊತ್ತಿರಲಿಲ್ಲ. ಒಂದು ಮಗುವಿನ ಮೇಲೆ ನಮಾಜು, ರೋಜಾ, ಆಸ್ತಿಯ ಹೊಣೆ ಹೊರಿಸುವ ಮುನ್ನ ಗಟ್ಟಿ ಸಾಕ್ಷಿ ಬೇಕು ಅಂದರು, ಅಷ್ಟೇ. ನನಗೆ ಇಷ್ಟವಾದದ್ದೂ ಆ ಎಚ್ಚರವೇ.

ಆ ತಾಯಿಗೆ ಹೇಳಿದೆ: ಒಂಬತ್ತಕ್ಕೆ ಕೂದಲು ಬಂದರೆ ಗಾಬರಿ ಬೇಡ. ಹುಡುಗಿಗೆ ಎಂಟರೊಳಗೆ, ಹುಡುಗನಿಗೆ ಒಂಬತ್ತರೊಳಗೆ ಬಂದರೆ, ಅಥವಾ ಜೊತೆಗೆ ಎತ್ತರ ದಿಢೀರನೆ ಏರಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮುಂದೆ ಮುಖದಲ್ಲಿ ಒರಟು ಕೂದಲು, ಮುಟ್ಟಿನ ಏರುಪೇರು ಎರಡೂ ಇದ್ದರೆ ಆಗಲೂ ತೋರಿಸಬೇಕು.

"ಬೋಳಿಸಿದರೆ ದಪ್ಪಗೆ ಬರುತ್ತಾ ಬಾಜಿ?" ಅಂತ ಕೇಳಿದರು. ಬರಲ್ಲ. ತುದಿ ಮೊಂಡಾಗಿರುವುದರಿಂದ ಹಾಗೆ ಅನ್ನಿಸುತ್ತೆ. ಆದರೆ ಅಪ್ಪನ ರೇಜರ್ ಮಾತ್ರ ಕೊಡಬೇಡಿ ಅಂದೆ. ನಕ್ಕರು. ಅತ್ತೆಗೆ ನೀವೇ ಫೋನ್ ಮಾಡಿ ಹೇಳ್ತೀರಾ ಅಂದರು.