ಸಲಾಕೆ ಹಿಡಿದು ತೋಪು ಉಳಿಸಿದ ಹವಾಲ್ದಾರ್: ಗೌರವಧನ ಮಾತ್ರ ವರ್ಷಕ್ಕೆ 168 ಪೌಂಡ್!

ಬ್ರಿಟಿಷರ ಕಾಲದಲ್ಲಿ ಪಟಾಲಂ ಸೇರಿದ ಅಜ್ಜ, ಮುತ್ತಜ್ಜಂದಿರ ಕಥೆ ಎಷ್ಟೋ ಮನೆಗಳಲ್ಲಿ ಇವೆ. ಟ್ರಂಕಿನ ತಳದಲ್ಲಿ ಒಂದು ಪದಕ, ಗೋಡೆ ಮೇಲೆ ಮಾಸಿದ ಒಂದು ಫೋಟೊ. ಯುದ್ಧದಲ್ಲಿ ಏನು ಮಾಡಿದ್ರು ಅನ್ನೋದು ಹೇಗೋ ಬಾಯಿಂದ ಬಾಯಿಗೆ ಉಳಿದುಕೊಳ್ಳುತ್ತೆ. ವಾಪಸ್ ಬಂದ ಮೇಲೆ ಹೇಗೆ ಜೀವನ ಮಾಡಿದ್ರು ಅಂತ ಕೇಳೋರು ಕಡಿಮೆ. ಹರಿಯಾಣದ ಉಮ್ರಾವ್ ಸಿಂಗ್ ಅವರ ವಿಷಯದಲ್ಲಿ ಎರಡೂ ದಾಖಲಾಗಿವೆ.

ಇವರು ಹುಟ್ಟಿದ್ದು 1920ರಲ್ಲಿ, ಈಗಿನ ಝಜ್ಜರ್ ಜಿಲ್ಲೆಯ ಪಾಲ್ರಾ ಎಂಬ ಹಳ್ಳಿಯಲ್ಲಿ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲೇ ಸೇನೆಗೆ ಸೇರಿದರು. ಕಾಲಾಳು ದಳಕ್ಕಲ್ಲ, ರಾಯಲ್ ಇಂಡಿಯನ್ ಆರ್ಟಿಲರಿಗೆ, ಅಂದರೆ ಫಿರಂಗಿ ದಳಕ್ಕೆ.

1944ರ ಡಿಸೆಂಬರ್ 15 ಮತ್ತು 16ರ ನಡುವಿನ ರಾತ್ರಿ. ಜಾಗ ಬರ್ಮಾದ ಕಾಲಾದಾನ್ ಕಣಿವೆ. ಹವಾಲ್ದಾರ್ ಉಮ್ರಾವ್ ಸಿಂಗ್ ಅವರ ತೋಪು ಮುಂಚೂಣಿಯಲ್ಲಿತ್ತು. ಜಪಾನೀಯರು ಮೊದಲು ಒಂದೂವರೆ ತಾಸು ಗುಂಡಿನ ಮಳೆ ಸುರಿಸಿದರು. ಆಮೇಲೆ ಕನಿಷ್ಠ ಎರಡು ಕಂಪನಿ ಸೈನಿಕರು ನುಗ್ಗಿದರು. ಎರಡು ಗ್ರೆನೇಡ್ ತಗುಲಿ ಗಾಯವಾಗಿದ್ದರೂ ಸಿಂಗ್ ತಮ್ಮ ಹುಡುಗರಿಂದ ಗುಂಡು ಹಾರಿಸುವುದನ್ನು ನಿಲ್ಲಿಸಲಿಲ್ಲ. ಎರಡನೇ ದಾಳಿ ಮುಗಿಯುವ ಹೊತ್ತಿಗೆ ತೋಪಿನ ಬಳಿ ಉಳಿದಿದ್ದು ಮೂರೇ ಜನ, ಕೈಯಲ್ಲಿ ಬೆರಳೆಣಿಕೆಯಷ್ಟು ಗುಂಡು. ಮೂರನೇ ದಾಳಿಯಲ್ಲಿ ಅವೂ ಖಾಲಿ.

ಆಗ ಕೈಗೆ ಸಿಕ್ಕಿದ್ದು ‘ಗನ್ ಬೇರರ್’. ತೋಪಿನ ಕೆಲಸಕ್ಕೆ ಇಟ್ಟುಕೊಳ್ಳುವ ಭಾರೀ ಕಬ್ಬಿಣದ ಸಲಾಕೆ ಅದು, ನಮ್ಮ ಕಡೆ ಹಾರೆ ಇದ್ದ ಹಾಗೆ ಅಂದುಕೊಳ್ಳಿ. ಅದರಿಂದಲೇ ಮೂವರನ್ನು ಹೊಡೆದುರುಳಿಸಿದರು. ಕೊನೆಗೆ ಏಟಿನ ಮೇಲೆ ಏಟು ಬಿದ್ದು ತಾವೂ ಕುಸಿದರು.

ಆರು ಗಂಟೆ ಕಳೆದು ಪ್ರತಿದಾಳಿ ಮಾಡಿ ಬಂದ ನಮ್ಮ ಕಡೆಯವರಿಗೆ ತೋಪಿನ ಪಕ್ಕ ಅವರು ಸಿಕ್ಕರು. ಪ್ರಜ್ಞೆ ಇರಲಿಲ್ಲ, ತಲೆಗೆ ಬಿದ್ದ ಏಟಿಗೆ ಗುರುತೇ ಹತ್ತುವಂತಿರಲಿಲ್ಲ, ಮೈಮೇಲೆ ಏಳು ದೊಡ್ಡ ಗಾಯ. ಸಲಾಕೆ ಮಾತ್ರ ಇನ್ನೂ ಕೈಯಲ್ಲೇ ಇತ್ತು. ಸುತ್ತ ಹತ್ತು ಜಪಾನಿ ಸೈನಿಕರು ಸತ್ತು ಬಿದ್ದಿದ್ದರು. ಅದೇ ದಿನ ಆ ತೋಪು ಮತ್ತೆ ಕೆಲಸಕ್ಕೆ ಬಂತು.

1945ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೊರೆ ಆರನೇ ಜಾರ್ಜ್ ಅವರಿಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದರು. ಬ್ರಿಟಿಷ್ ಸೇನೆಯಲ್ಲಿ ಶೌರ್ಯಕ್ಕೆ ಇದಕ್ಕಿಂತ ಮೇಲಿನ ಪದಕವಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ಸೇನೆಯಲ್ಲೂ ದುಡಿದು ಸುಬೇದಾರ್ ಮೇಜರ್ ಆದರು, ಗೌರವ ಕ್ಯಾಪ್ಟನ್ ಹುದ್ದೆಯೂ ಬಂತು. ನಿವೃತ್ತಿಯಾದ ಮೇಲೆ ಊರು ಸೇರಿಕೊಂಡರು. ಅಲ್ಲಿದ್ದಿದ್ದು ಸುಮಾರು ಎರಡು ಎಕರೆ ಜಮೀನು, ಅದರಲ್ಲೇ ಸಂಸಾರ.

ವಿಕ್ಟೋರಿಯಾ ಕ್ರಾಸ್ ಪಡೆದವರಿಗೆ ಬ್ರಿಟನ್ ಕೊಡುತ್ತಿದ್ದ ಗೌರವಧನ ವರ್ಷಕ್ಕೆ 168 ಪೌಂಡ್. ತಿಂಗಳಿಗೆ ಲೆಕ್ಕ ಹಾಕಿದರೆ 14 ಪೌಂಡ್, ಅಷ್ಟೇ! ಅದೂ ಹತ್ತಾರು ವರ್ಷ ಒಂದು ಪೈಸೆ ಏರಿರಲಿಲ್ಲ. ಬೆಲೆ ಮಾತ್ರ ಏರುತ್ತಲೇ ಇತ್ತು ಅನ್ನೋದನ್ನ ಅಂಗಡಿ ನಡೆಸೋರಿಗೆ ಬಿಡಿಸಿ ಹೇಳಬೇಕಿಲ್ಲ.

1995ರಲ್ಲಿ ಯುರೋಪಿನ ಯುದ್ಧ ಮುಗಿದು 50 ವರ್ಷವಾದ ನೆನಪಿಗೆ ಲಂಡನ್ನಿನಲ್ಲಿ ಸಮಾರಂಭ ನಡೆಯಿತು. ಉಮ್ರಾವ್ ಸಿಂಗ್ ಕೂಡ ಹೋದರು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಗಣ್ಯರ ಡೇರೆಯ ಬಾಗಿಲಲ್ಲೇ ವಾಪಸ್ ಕಳಿಸೋದರಲ್ಲಿದ್ದರಂತೆ. ಎದೆ ಮೇಲಿನ ಪದಕ ಸೇನಾಧಿಕಾರಿಯೊಬ್ಬರ ಕಣ್ಣಿಗೆ ಬಿದ್ದಿದ್ದರಿಂದ ಒಳಗೆ ಬಿಟ್ಟರು.

ಆ ಪ್ರವಾಸದಲ್ಲೇ ಬ್ರಿಟನ್ ಪ್ರಧಾನಿ ಜಾನ್ ಮೇಜರ್ ಎದುರು ಸಿಕ್ಕಾಗ, ಈ ಹಣ ಯಾವುದಕ್ಕೆ ಸಾಲುತ್ತೆ ಅನ್ನೋದನ್ನ ನೇರವಾಗಿ ಅವರ ಮುಂದಿಟ್ಟರು. ಆಮೇಲೆ ಗೌರವಧನ 1,300 ಪೌಂಡ್‌ಗೆ ಏರಿತು. ಇವರೊಬ್ಬರಿಗೇ ಅಲ್ಲ, ಕಾಮನ್‌ವೆಲ್ತ್ ದೇಶಗಳಲ್ಲಿ ಆಗ ಬದುಕಿದ್ದ, ಅದೇ 168 ಪೌಂಡ್ ಪಡೆಯುತ್ತಿದ್ದ ಉಳಿದ ವೀರರಿಗೂ.

ಆ ಪದಕ ಬರೀ ಕಂಚಿನದು. ತಕ್ಕಡಿಗೆ ಹಾಕಿದರೆ ಏನೂ ಹುಟ್ಟಲ್ಲ, ಆದರೆ ಹಳೆ ಪದಕ ಸಂಗ್ರಹಿಸುವವರು ಅದಕ್ಕೆ ದೊಡ್ಡ ಮೊತ್ತ ಕೊಡುತ್ತಾರೆ. ಕಷ್ಟದ ದಿನಗಳಲ್ಲಿ ಸಿಂಗ್ ಅವರನ್ನೂ ಕೇಳಿದವರಿದ್ದರು. ಮಾರಿದರೆ ಯುದ್ಧದಲ್ಲಿ ಮಡಿದ ಜೊತೆಗಾರರಿಗೆ ಅವಮಾನ ಎಂದು ಅವರು ಒಪ್ಪಲಿಲ್ಲ.

2005ರ ನವೆಂಬರ್ 21ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪಾಲ್ರಾದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು. ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಜೆ.ಜೆ. ಸಿಂಗ್ ಆ ಹಳ್ಳಿಗೇ ಬಂದಿದ್ದರು.